ಪಾಚಿ, ಅತ್ತೆ ಮತ್ತು ತೊಂಡೆ ಬಳ್ಳಿ

ಇವತ್ತು ಬೆಳಿಗ್ಗೆ ಅಕ್ವೇರಿಯಮ್ಮಿನ ಗಾಜಿನ ಒಳಮೈಯನ್ನು ಬೆರಳಿನಿಂದ ಸವರಿದೆ. ತೆಳ್ಳಗೆ ಹಸಿರು ಅಂಟಿತು. ಮೂಗಿಗೆ ಹಿಡಿದರೆ ಮಳೆಗಾಲದ ಬಾವಿಕಟ್ಟೆಯ ವಾಸನೆ. ಪಾಚಿ ಮೂಸಿ ಖುಷಿಪಡುವವನ ಬಗ್ಗೆ ನಿಮಗೆ ಏನನ್ನಿಸುತ್ತದೋ ತಿಳಿಯದು. ನನ್ನ ಹೆಂಡತಿ ಸುಜಾತಾ ಅಂಥವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಈ ವಾಸನೆ ಬಂದೊಡನೆ ನನಗೆ ದೇವಕಿ ಅತ್ತೆಯ ನೆನಪಾಗುತ್ತದೆ, ತಡೆಯಲಾರದ ನಗು ಬರುತ್ತದೆ.

ದೇವಕಿ ಅತ್ತೆ ನನ್ನ ಅಪ್ಪನ ತಂಗಿ, ತದಡಿಯವಳು. ಚಿಕ್ಕಂದಿನ ನನ್ನ ರಜೆಗಳೆಲ್ಲ ಕಳೆದದ್ದು ಅವಳ ಅಂಗಳದಲ್ಲಿ. ಅವಳಿಗೆ ಮೊಣಕಾಲು ನೋವು ಹೆಚ್ಚಾದಾಗ, ಔಷಧಿಗೆ ಹತ್ತಿರವಾಗಲಿ ಎಂದು ಕುಮಟೆಯ ನಮ್ಮ ಮನೆಗೆ ಕರೆತಂದೆ. ಬಂದವಳು ತನ್ನ ಬಟ್ಟೆಯ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಸುಜಾತಾ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟರೂ ಸೀರೆಗಳು ಚೀಲ ಬಿಟ್ಟು ಹೊರಬರಲಿಲ್ಲ. "ಇರ್ಲಿ ಬಿಡೆ, ಕಾಲು ಸಮಾ ಆದ್ರೆ ಹೋತೆ ಅಲಾ," ಎನ್ನುತ್ತಿದ್ದಳು. ಅವಳು ಹೋಗಬಾರದು, ನಮ್ಮೊಡನೆಯೇ ಉಳಿಯಬೇಕು ಎಂಬುದು ನನ್ನ ಆಸೆ. ಬಾಯಿಬಿಟ್ಟು ಹೇಳಲು ಸಂಕೋಚ, ಹಾಗಾಗಿ ಬರುತ್ತಾ ಹೋಗುತ್ತಾ ಆ ಚೀಲವನ್ನೊಮ್ಮೆ ನೋಡುತ್ತಿದ್ದೆ.

ಅವಳಿಗೆ ನಮ್ಮಲ್ಲಿ ಕೈಗೆ ಕೆಲಸವಿರಲಿಲ್ಲ. ತದಡಿಯಲ್ಲಿ ತೆಂಗು, ಬಸಳೆ, ತೊಂಡೆಯ ಚಪ್ಪರ ಎಲ್ಲ ಇತ್ತು. ನಾವೋ ಅಂಗಳ ಚೊಕ್ಕವಾಗಿರಲೆಂದು ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಇಟ್ಟಿಗೆ ಹಾಸಿಬಿಟ್ಟಿದ್ದೆವು. ಕಟ್ಟೆಯ ತುಳಸಿ ಬಿಟ್ಟರೆ ಹೊರಗೆ ಇನ್ನೊಂದು ಗಿಡವಿಲ್ಲ. ದಿನವೂ ಬಾಗಿಲಿಗೆ ಬರುವ ಮೀನು ಕೊಂಡು, ಕೊಯ್ದು ತೊಳೆಯುವುದೊಂದನ್ನು ಮಾತ್ರ ಅತ್ತೆ ಹಟ ಹಿಡಿದು ತನ್ನ ಕೆಲಸ ಮಾಡಿಕೊಂಡಿದ್ದಳು.

ಒಳಗೆ, ಹಾಲಿನಲ್ಲಿ, ನನ್ನ ಅಕ್ವೇರಿಯಂ. ಅದರೊಳಗೆ ಗಿಡಗಳದೇ ಒಂದು ಸಣ್ಣ ಕಾಡು, ನಡುವೆ ಬೆರಳುದ್ದವೂ ಇಲ್ಲದ ಮೀನುಗಳು. ಮನೆಗೆ ಬಂದವರಿಗೆ ಚಾ ಸಿಗುವ ಮೊದಲೇ ಅದರ ಬಗ್ಗೆ ನನ್ನ ಭಾಷಣ ಸಿಗುತ್ತಿತ್ತು. ಪಾಚಿ ಶುರುವಾದ ಮೇಲಂತೂ ನಾನು ಮನೆಯಲ್ಲೇ ಡಾಕ್ಟರನಾದೆ. ಗಾಜಿಗೆ ಹಸಿರು ಪುಡಿ ಕೂತರೆ ಬೆಳಕು ಹೆಚ್ಚಾಯಿತೆಂದು ಅರ್ಥ, ಲೈಟು ಬೇಗ ಆರಿಸಬೇಕು. ದಾರದಂಥದ್ದನ್ನು ಹಳೆಯ ಬ್ರಶ್ಶಿಗೆ ಶಾವಿಗೆಯ ಹಾಗೆ ಸುತ್ತಿ ತೆಗೆಯಬೇಕು. ಎಲೆಯಂಚಿಗೆ ಕಪ್ಪು ಗಡ್ಡ ಬಂದರೆ ಆ ಎಲೆಯನ್ನೇ ಕತ್ತರಿಸಬೇಕು. ಅತ್ತೆ ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಪಾಚಿಲೂ ಇಷ್ಟೆಲ್ಲಾ ಜಾತಿ ಅದೆಯೇನೋ ತಮಾ? ನಮ್ಮಲ್ಲಿ ಒಂದೇ ಜಾತಿ, ಜಾರ್ಸಿ ಬೀಳ್ಸೂದು."

ಪಾಚಿ ತಿನ್ನುವ ಪುಟ್ಟ ಶೆಟ್ಲಿಗಳು, ಅಂದರೆ ಸೀಗಡಿಗಳು, ಸಿಗುತ್ತವೆಂದು ಹೊನ್ನಾವರದ ಗೆಳೆಯನಲ್ಲಿಗೆ ಹೋಗಿ ತಂದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಇಣುಕಿದಳು. "ಒಣಗ್ಸಿದ್ರೆ ಒಂದು ಚಟ್ನಿಗೂ ಸಾಲೂದಿಲ್ಲ. ಇದಕ್ಕೆ ಹೊನ್ನಾವರಕ್ಕೆ ಹೋಗಿ ಬಂದ್ಯಾ?"

ಶೆಟ್ಲಿಗಳು ಹಗಲಿಡೀ ದುಡಿದವು. ಆದರೂ ಪಾಚಿ ಬೆಳೆಯಿತು, ಕೊನೆಗೆ ನೀರೇ ಬಸಳೆ ಬೇಯಿಸಿದಂತೆ ಹಸಿರಾಯಿತು. ಮೀನುಗಳು ಅದರೊಳಗೆ ಎಲ್ಲಿವೆಯೋ ಅವಕ್ಕೇ ಗೊತ್ತು. ಹತ್ತಿರ ಹೋದರೆ ಹಸಿ ಮೀನಿನ ವಾಸನೆ ಬರುತ್ತಿತ್ತು, ನಿಜ. ಆದರೆ ನೀವೇ ಹೇಳಿ, ಕುಮಟೆಯ ಮನೆಯೊಂದರಲ್ಲಿ ಮೀನಿನ ವಾಸನೆ ಬಂದರೆ ಯಾರಾದರೂ ಸಂಶಯಪಡುತ್ತಾರೆಯೇ? ಕೊನೆಯ ಉಪಾಯವೆಂದು ಲೈಟು ಪೂರ್ತಿ ಆರಿಸಿ, ಟ್ಯಾಂಕಿಗೆ ಕಂಬಳಿ ಹೊದಿಸಿದೆ. ಬೆಳಕು ಸಿಗದಿದ್ದರೆ ನೀರಿನ ಹಸಿರು ಸಾಯುತ್ತದೆ.

"ಮೀನಿಗೆ ಜ್ವರ ಬಂತೇನೋ?" ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಏನನ್ನೋ ಹುಡುಕುತ್ತಾ ಹಾಲಿಗೆ ಬಂದರೆ, ಅತ್ತೆ ಕಂಬಳಿಯ ತುದಿ ಎತ್ತಿ ಚೊಂಬಿನಿಂದ ಏನೋ ಸುರಿಯುತ್ತಿದ್ದಾಳೆ. ಬಂಗಡೆ ತೊಳೆದ ನೀರು!

"ಅತ್ತೇ, ಎಂತ ಮಾಡ್ತೆ?"

"ಗಿಡಗಳು ಬಿಳಚಿಕೊಂಡಿದ್ವಲಾ ತಮಾ. ದಿನಾ ಒಂದು ಚೂರು ಹಾಕ್ತಿದ್ದೆ. ತದಡಿಲಿ ತೊಂಡೆಗೆ ಇದೇ ಅಲಾ ನಾ ಹಾಕೂದು?" ಎಂದವಳು ನನ್ನ ಮುಖ ನೋಡಿ ತಡವರಿಸಿದಳು. "ಉಪ್ಪು ತಾಗ್ಸಿದ ನೀರಲ್ಲ ಮತ್ತೆ. ತುಳಸಿಗೆ ಹಾಕೂಕೆ ಆಗೂದಿಲ್ಲ. ಮನೆಲಿ ಬೇರೆ ಗಿಡ ಎಲ್ಲಿ ಅದೆ?"

ನೀರಿಗೆ ಗೊಬ್ಬರ ಹೆಚ್ಚಾದದ್ದರಿಂದಲೇ ಪಾಚಿ ಕೊಬ್ಬಿದ್ದು. ನಾನು ಸೋಫಾದ ಮೇಲೆ ಕುಸಿದು ನಗತೊಡಗಿದೆ. ಒಳಗಿನಿಂದ ಬಂದ ಸುಜಾತಾ ವಿಷಯ ತಿಳಿದು "ಅಯ್ಯೋ ಅತ್ತೆ!" ಎಂದು ಹಣೆ ಬಡಿದುಕೊಂಡು ತಾನೂ ನಕ್ಕಳು. ಅತ್ತೆ ನಗಲಿಲ್ಲ. ಚೊಂಬು ಕೆಳಗಿಟ್ಟು, "ನಂಗೆ ಇಲ್ಲಿದೆಲ್ಲಾ ಗೊತ್ತಾಗೂದಿಲ್ಲ. ನಾಳೆ ತದಡಿಗೆ ಹೋತೆ," ಎಂದು ಬಾಗಿಲ ಹಿಂದಿನ ಚೀಲದ ಕಡೆ ನಡೆದಳು. ನಾನು ಸೋಫಾದಿಂದ ಎದ್ದೆ. ಏನು ಹೇಳಿದರೂ ಸಮಾಧಾನದ ಮಾತಾದೀತು, ಅದು ಅವಳಿಗೆ ಬೇಕಿಲ್ಲ.

ಏನೂ ತೋಚದೆ ಕಂಬಳಿ ತೆಗೆದೆ. ಟ್ಯಾಂಕಿಗೆ ಪೈಪು ಇಳಿಬಿಟ್ಟು, ಅರ್ಧ ನೀರು ಬಕೆಟ್ಟುಗಳಿಗೆ ತುಂಬಿ, ಒಂದನ್ನು ಎತ್ತಿಕೊಂಡು ಗಟಾರದ ಕಡೆ ಹೊರಟೆ.

"ಚೆಲ್ಬೇಡಾ!"

ಅತ್ತೆ ಮೊಣಕಾಲು ಮರೆತು ಬಂದಿದ್ದಳು. ಬಕೆಟ್ಟಿನಲ್ಲಿ ಕೈಯಾಡಿಸಿ ಮೂಸಿದಳು. "ಇದು ಮೀನಿನ ನೀರೇ ಅಲಾ! ಮೀನು ಕೊಯ್ಯದೇ ಸಿಕ್ಕೂದು. ಗಟಾರಕ್ಕೆ ಚೆಲ್ತ್ಯಾ, ಬುದ್ಧಿ ಅದೆಯಾ ನಿಂಗೆ?"

ನನಗೆ ಬುದ್ಧಿ ಇಲ್ಲವೆಂದು ಕೇಳಿ ಅಷ್ಟು ಸಂತೋಷವಾದದ್ದು ಅದೇ ಮೊದಲು. ಸಂಜೆಯೊಳಗೆ ಪಕ್ಕದ ಮನೆಯಿಂದ ತೊಂಡೆಯ ಬಳ್ಳಿಯ ತುಂಡು ಬಂತು, ಹಳೆಯ ಪೇಂಟ್ ಬಕೆಟ್ಟಿಗೆ ಮಣ್ಣು ಬಿತ್ತು. ಮಾರನೆಯ ದಿನ ತದಡಿಯ ಮಾತೇ ಏಳಲಿಲ್ಲ. ಅಂದಿನಿಂದ ಭಾನುವಾರ ಬಂದರೆ ಅತ್ತೆ ಬಕೆಟ್ ಹಿಡಿದು ಟ್ಯಾಂಕಿನ ಮುಂದೆ ಹಾಜರು. "ಎಲ್ಲೋ ನನ್ನ ನೀರು?" ವಾರವಾರ ನೀರು ಬದಲಿಸುವುದಕ್ಕಿಂತ ದೊಡ್ಡ ಔಷಧಿ ಪಾಚಿಗಿಲ್ಲ ಎಂದು ಭಾಷಣದಲ್ಲಿ ಹೇಳುತ್ತಿದ್ದ ನಾನು, ಸೋಮಾರಿತನದಿಂದ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದೆ. ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಬಾವಿಯ ಹೊಸ ನೀರು ಬೀಳುತ್ತಾ ಟ್ಯಾಂಕು ತಿಳಿಯಾಯಿತು, ಬಳ್ಳಿ ಗೋಡೆ ಹತ್ತಿತು. ಒಂದು ದಿನ ನೋಡಿದರೆ ಅತ್ತೆಯ ಸೀರೆಗಳು ಕಪಾಟಿನಲ್ಲಿದ್ದವು. ಸುಜಾತಾ ಅವತ್ತು ಪಾಯಸ ಮಾಡಿದಳು.

ಈಗ ಅತ್ತೆ ಮೊಮ್ಮಗುವಿನ ನಾಮಕರಣಕ್ಕೆಂದು ಶಿರಾಲಿಯ ಮಗಳ ಮನೆಗೆ ಹೋಗಿದ್ದಾಳೆ. ಹೋಗುವಾಗ ಸೀರೆಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ತುರುಕಿ, ಬಟ್ಟೆಯ ಚೀಲದ ತುಂಬಾ ತೊಂಡೆಕಾಯಿ ಒಯ್ದಿದ್ದಳು. ಹೇಳುವವರಿಲ್ಲವೆಂದು ನಾನು ಭಾನುವಾರ ನೀರು ಬದಲಿಸದೆ ಕಳ್ಳಬಿದ್ದೆ, ಗಾಜು ಹಸಿರಾಯಿತು. ಬೆರಳು ಮೂಸುತ್ತಾ ನಿಂತಿರುವಾಗಲೇ ಫೋನು.

"ತಮಾ, ಬಳ್ಳಿಗೆ ನೀರು ಹಾಕಿದ್ಯಾ?"

"ಹಾಕಿದ್ದೆ ಅತ್ತೆ."

"ಯಾವ ನೀರು?"

ನಾನು ಹಸಿರು ಬೆರಳನ್ನು ಲುಂಗಿಗೆ ಒರೆಸಿಕೊಂಡೆ.

"ನಳದ್ದು ಅಲಾ? ಗಾಜು ಹಸಿರಾಗಿರೂಕು ಇಷ್ಟೊತ್ತಿಗೆ!" ಹಿಂದಿನಿಂದ ಅವಳ ಮಗಳು ಇನ್ನೊಂದು ವಾರ ಇರು ಎಂದು ಗೋಗರೆಯುವುದು ಕೇಳಿಸಿತು. ಅತ್ತೆ ಅವಳನ್ನೂ ಗದರಿದಳು: "ಸುಮ್ನಿರೆ, ಇಂವ ನನ್ನ ಬಳ್ಳಿ ಒಣಗ್ಸ್ತಾ. ನಾಳೆ ಮನೆಗೆ ಹೋತೆ."

ಫೋನಿಟ್ಟು, ಬಾಗಿಲ ಹಿಂದಿನ ಮೊಳೆಗೆ ಕೈಹಾಕಿದೆ. ಈಗ ಅಲ್ಲಿ ಇರುವುದು ಟ್ಯಾಂಕಿನ ಪೈಪು. ಅದನ್ನು ತೆಗೆದುಕೊಂಡು ಬಕೆಟ್ ಹುಡುಕಲು ಹೊರಟೆ.