ನಕ್ಷೆಯಲ್ಲಿ ನೆರಳು ಬರೆಸಿದ ಗುರುಬಸಮ್ಮ

ಈಗಲೂ ಮಧ್ಯಾಹ್ನ ಗುರುಬಸಮ್ಮನ ಮನೆಗೆಂದು ಹೊರಡುತ್ತೇನೆ. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸಾಗುತ್ತೇನೆ.

ಹುಲ್ಲಹಳ್ಳಿಯ ಮಗಳು, ನಂಜನಗೂಡಿನ ಸೊಸೆ. ಮಹಿಳಾ ಮೀಸಲಿನಲ್ಲಿ ಗೆದ್ದು ಪುರಸಭೆಯಲ್ಲಿ ಕೂತವಳು. 2003ರಲ್ಲಿ ಯುರೋಪಿನ ಊರುಗಳಲ್ಲಿ ಬಿಸಿಲಿಗೆ ಸಾವಿರಾರು ಮುದುಕರು ಸತ್ತ ಸುದ್ದಿಯನ್ನು ನಾನು ಆಕೆಗೆ ಓದಿ ಹೇಳಿದ್ದೆ. ಭೂಮಿ ಬಿಸಿಯೇರುತ್ತಿದೆ, ಇನ್ನು ಊರಿನ ನಕ್ಷೆ ಬರೆಯುವಾಗಲೇ ಮರಕ್ಕೂ ಗಾಳಿಗೂ ಜಾಗ ಬಿಡಬೇಕೆಂದು ಅಲ್ಲಿನವರು ಮಾತಾಡಿಕೊಳ್ಳುತ್ತಿದ್ದಾರೆ ಎಂದೂ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಚಳಿ ದೇಶ್ದೋರ್ಗೇ ಇಂಗಾದ್ರೆ ನಮ್ ಗತಿ ಏನ್ ಟೀಚ್ರೇ?"

ಮರುವರ್ಷವೇ ದೇವಸ್ಥಾನದಿಂದ ಪೇಟೆಗೆ ಹೋಗುವ ರಸ್ತೆಯನ್ನು ಅಗಲಿಸುವ ಮಾತು ಬಂತು. ನಕ್ಷೆಯಲ್ಲಿ ರಸ್ತೆ ಬದಿಯ ಹೊಂಗೆ ಮರಗಳ ಸಾಲಿಗೆ ಜಾಗವಿರಲಿಲ್ಲ. ಮರ ಉಳಿಯಬೇಕು, ಹಿಂದೆ ಕಡಿದ ಕಡೆ ಹೊಸದು ನೆಡಬೇಕು, ಎರಡೂ ನಕ್ಷೆಯಲ್ಲೇ ಇರಬೇಕು ಎಂದು ಆಕೆ ಪಟ್ಟು ಹಿಡಿದಳು. ಎದುರು ನಿಂತವನು ಆಕೆಯ ಮೈದುನನೇ, ಬಟ್ಟೆ ಅಂಗಡಿಯ ಪುಟ್ಟಬಸವಯ್ಯ. ಅವನೂ ಸದಸ್ಯ, ಅಂಗಡಿಯ ಮುಂದೆ ಗಾಡಿ ನಿಲ್ಲಲು ಜಾಗ ಬೇಕಿತ್ತು. ಉಳಿದವರೆಲ್ಲ ಅವನ ಕಡೆ.

ಸ್ಥಳ ತನಿಖೆಯನ್ನಾದರೂ ಮಾಡೋಣ ಎಂದಳು. ಏಪ್ರಿಲ್, ನಡುಮಧ್ಯಾಹ್ನ. ನಮ್ಮೂರಲ್ಲಿ ಯಾವ ಕೆಲಸಕ್ಕೂ ಮೊದಲು ನಂಜುಂಡೇಶ್ವರನಿಗೆ ಪೂಜೆ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಮಂಗಳಾರತಿ ಮುಗಿದು ಹೊರಬಂದಾಗ ಆಕೆ ಚಪ್ಪಲಿ ಮೆಟ್ಟದೆ ನಡೆದಳು. ಭಕ್ತರು ಬರಿಗಾಲಲ್ಲಿ ಬರುವ ದಾರಿ, ನಾವೂ ಹಾಗೇ ನೋಡೋಣ ಎಂದಳು. ದೇವರ ಬಾಗಿಲಲ್ಲಿ ಒಲ್ಲೆ ಎನ್ನುವುದು ಯಾರಿಂದಾದೀತು?

ಹೊಂಗೆಯ ಕೆಳಗೆ ಎಲ್ಲರೂ ಹರಟುತ್ತ ನಡೆದರು. ಮರ ಕಡಿದಿದ್ದ ಕಡೆಯ ಕಾದ ಡಾಂಬರು ಸಿಕ್ಕಿದ್ದೇ ಮಾತು ನಿಂತಿತು. ಒಬ್ಬರು ಪಂಚೆ ಎತ್ತಿ ಕುಣಿದರು. ಪುಟ್ಟಬಸವಯ್ಯ ಮರದಡಿಗೆ ವಾಪಸು ಓಡಿದ. ಆಕೆ ಮಾತ್ರ ಬಿಸಿಲಲ್ಲೇ ನಿಂತಳು.

"ಬಾರಯ್ಯ, ನಿನ್ ನಕ್ಸೆಲಿ ರಸ್ತೆ ಪೂರಾ ಇಂಗೇ ಇರೋದು."

"ಸಾಕು ಬನ್ನಿ ಅತ್ಗೆ, ಕಾಲ್ ಬೆಂದೋದಾವು," ಎಂದ ಅವನು. ನಗು ತಡೆಯಲಾಗದೆ, ಜೊತೆಗೆ ಬಂದಿದ್ದ ಪುರಸಭೆಯ ಇಂಜಿನಿಯರ್ ಕಡೆ ತಿರುಗಿದ. "ಮರ ಇರ್ಲಿ ಅಂತ ಬರ್ಕಳಿ ಸಾ. ಇವ್ರು ಬಿಡಾಕಿಲ್ಲ."

ಸಾಲು ಉಳಿಯಿತು. ಬೋಳು ಜಾಗದಲ್ಲಿ ಸಸಿ ಎದ್ದವು. ಬೊಬ್ಬೆ ಎದ್ದ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳುತ್ತ, ಗೆದ್ದೆವಲ್ಲ ಟೀಚ್ರೇ ಎಂದು ಮಗುವಿನಂತೆ ನಕ್ಕಿದ್ದಳು.

ಈ ಏಪ್ರಿಲ್‌ನಲ್ಲಿ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಆಕೆಯನ್ನು ಹೊತ್ತೊಯ್ದರು. ಮುಂದಿನ ಹೆಗಲು ಪುಟ್ಟಬಸವಯ್ಯನದು. ಹೊತ್ತವರೆಲ್ಲ ಬರಿಗಾಲಲ್ಲಿದ್ದರು. ದಾರಿಯುದ್ದಕ್ಕೂ ಹೊಂಗೆಯ ನೆರಳು. ಯಾರೂ ಆತುರಪಡಲಿಲ್ಲ.