ತಾಬಿಲ್ಡಿಯ ಒಂದು ಸಾಲು

ಕಲಿಪಾಳ ಮನೆಯ ಇಂಟರ್ನೆಟ್ ತಂತಿ ಆ ಚಳಿಗಾಲದಲ್ಲಿ ಮೂರು ಸಲ ತುಂಡಾಯಿತು. ಮೂರು ಸಲವೂ ಕತ್ತರಿ ಆಡಿಸಿದವನು ಮೇಲಿನ ಮನೆಯ ಓರೊಜ್ಬೆಕ್ ಎಂದು ಮೆಟ್ಟಿಲ ಕೆಳಗಿನ ಬೆಕ್ಕಿಗೂ ಗೊತ್ತಿತ್ತು. ಛಾವಣಿಯಿಂದ ಇಳಿಯುವ ತಂತಿ ಅವನ ಬಾಲ್ಕನಿ ದಾಟಿಯೇ ಅವಳ ಅಡುಗೆಮನೆಗೆ ಬರಬೇಕು. ಅವಳ ಜುಟ್ಟು ಅವನ ಕೈಗೆ ಸಿಕ್ಕಿದ್ದು ಅಲ್ಲೇ.

ಕಲಿಪಾ ನಾರಿನ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದವಳು. ಬಾಯಿ ಜೋರು, ಮನಸ್ಸು ನೇರ. ಗಂಡ ಸಾಗಿನ್ ಭೂಗೋಳದ ಮೇಷ್ಟ್ರು; ರಜೆ ಬಂತೆಂದರೆ ಕುದುರೆ ಹತ್ತಿ ಕಣಿವೆ ಕಣಿವೆ ತಿರುಗಿ, ಮುದುಕರ ಬಾಯಿಂದ ವಂಶಾವಳಿ ಬರೆದುಕೊಂಡು ಬರುತ್ತಿದ್ದ. ಯಾರ ಅಪ್ಪ ಯಾರು, ಅವನಪ್ಪ ಯಾರು ಎಂದು ಹನ್ನೊಂದು ನೋಟ್‌ಬುಕ್ ತುಂಬಿಸಿ ತೀರಿಹೋದ. ಅವಳು ಅದನ್ನೆಲ್ಲ ಟೈಪ್ ಮಾಡಿ, ಹಳೆಯ ಕಂಪ್ಯೂಟರೊಂದನ್ನು ಕಿಟಕಿಯ ಕೆಳಗಿಟ್ಟು, ಅಲ್ಲಿಂದಲೇ ಊರಿಗೂ ಪರದೇಶಕ್ಕೂ ಕಾಣುವ ಹಾಗೆ ಮಾಡಿದಳು. ಬಾಡಿಗೆಗೆ ಸರ್ವರ್ ಸಿಗುತ್ತದಲ್ಲ ಎಂದು ಯಾರಾದರೂ ಅಂದರೆ, "ನನ್ನ ಗಂಡನ ಬರಹ ಕಂಡವರ ಮನೇಲಿ ಯಾಕಿರ್ಬೇಕು?" ಎಂದು ಸಿಡುಕುತ್ತಿದ್ದಳು. ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಹೊಸ ವಿಳಾಸ; ಅದನ್ನು ಪತ್ತೆ ಹಚ್ಚಿ ಸರಿಪಡಿಸುವ ಪುಟ್ಟ ಪ್ರೋಗ್ರಾಮನ್ನೂ ಅವಳೇ ಬರೆದಿದ್ದಳು. ಮದುವೆ ಮಾತು ಬಂದ ಮನೆಯವರೆಲ್ಲ ಆ ಪುಟ ತೆರೆಯುತ್ತಿದ್ದರು. ಎರಡೂ ಕಡೆ ಅಪ್ಪನಿಂದ ಹಿಡಿದು ಏಳು ತಲೆಮಾರಿನ ತಂದೆಯರನ್ನು ಎಣಿಸಿ, ಎಲ್ಲೂ ಒಬ್ಬನೇ ಎದುರಾಗದಿದ್ದರೆ ಮಾತ್ರ ಹುಡುಗಿಯ ಕಿವಿಗೆ ನಿಶ್ಚಯದ ಓಲೆ.

ಓರೊಜ್ಬೆಕ್‌ನ ಉರಿ ಒಂದೇ ಒಂದು ಸಾಲಿನದು. ಅವನ ನಾಲ್ಕನೇ ತಂದೆಯ ಹೆಸರು ತಾಬಿಲ್ಡಿ, ಅಂದರೆ ಸಿಕ್ಕಿದವನು. ಕಾದು ಕಾದು ಪಡೆದ ಮಗನಿಗೂ ಆ ಹೆಸರಿಡುವುದುಂಟು. ಓರೊಜ್ಬೆಕ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದುದೂ ಅದನ್ನೇ. ಆದರೆ ಸಾಗಿನ್ ಬರೆದಿದ್ದು ಬೇರೆ: ತಾಬಿಲ್ಡಿ ಐದನೇ ತಂದೆಯಾದ ಬೈಗಾಜಿಯ ಸ್ವಂತ ಮಗನಲ್ಲ, ಹಿಮದಲ್ಲಿ ಸಿಕ್ಕಿದ ಕೂಸು, ಹೆತ್ತವರು ಯಾರೋ ತಿಳಿಯದು.

"ಆ ಸಾಲು ತೆಗಿ," ಎಂದು ಅವನು ಮೆಟ್ಟಿಲ ಮೇಲೆ ಅಡ್ಡ ನಿಂತ.

"ಯಾಕೆ ತೆಗೀಲಿ? ಸುಳ್ಳಾ?"

"ನಾವು ಬೈಗಾಜಿ ರಕ್ತ. ನಿನ್ನ ಗಂಡ ಯಾವನೋ ಕುಡುಕನ ಮಾತು ಕೇಳಿ ಗೀಚಿದಾನೆ."

"ಆ ಕುಡುಕ ನಿನ್ನ ತಾತನೇ ಕಣೋ!"

ಮೆಟ್ಟಿಲ ತುಂಬ ನಗು. ಅವನು ಆ ನಗುವನ್ನು ಮರೆಯಲಿಲ್ಲ. ತಂತಿ ಕತ್ತರಿಸಿದ. ಅವಳ ಯಂತ್ರದ ಫ್ಯಾನಿನ ಸದ್ದಿಗೆ ತಲೆ ಸಿಡಿಯುತ್ತದೆ, ಎಲ್ಲರ ಕರೆಂಟು ಅದೇ ನುಂಗುತ್ತದೆ ಎಂದು ಮನೆಮನೆಗೆ ಹೋಗಿ ಕಿವಿ ಕಚ್ಚಿದ. ನಿನ್ನೆಯವರೆಗೆ ಚಹಾಕ್ಕೆ ಬರುತ್ತಿದ್ದವರು ಮುಖ ತಿರುಗಿಸಿದರು. ಥೂ, ನೆರೆಹೊರೆಯಂತೆ! ಕೊನೆಗೆ ಇಂಟರ್ನೆಟ್ ಕಂಪನಿಗೂ ದೂರು ಕೊಟ್ಟ. ಅಲ್ಲಿಂದ ಬಂದವನು ಚಹಾ ಕುಡಿದು, ಸಂಕೋಚದಿಂದಲೇ ಹೇಳಿದ: "ಮನೆ ಲೈನಲ್ಲಿ ಸರ್ವರ್ ನಡೆಸೋ ಹಾಗಿಲ್ಲಮ್ಮ. ಇನ್ನೊಂದು ದೂರು ಬಂದ್ರೆ ಲೈನೇ ಮುಚ್ಬೇಕಾಗತ್ತೆ."

ಒಂದು ಸಾಲು ಉಳಿಸಿಕೊಳ್ಳಲು ಹೋದರೆ ಹನ್ನೊಂದು ನೋಟ್‌ಬುಕ್ಕೂ ಕತ್ತಲಾಗುತ್ತದೆ. ಮೂರನೇ ಸಲ ತಂತಿ ತುಂಡಾದ ದಿನ ಕಲಿಪಾ ಸೋತಳು. ಮೇಲೆ ಹೋಗಿ ಬಾಗಿಲು ಬಡಿದು ಅವನನ್ನು ಕೆಳಗೆ ಕರೆತಂದು, ಅವನ ಕಣ್ಣೆದುರೇ ಆ ಸಾಲು ಅಳಿಸಿದಳು.

"ಹೊಟ್ಟೆ ತಣ್ಣಗಾಯ್ತಾ?"

"ತಂತಿ ನಾನೇ ಜೋಡಿಸ್ಕೊಡ್ತೀನಿ," ಎಂದ, ದೊಡ್ಡ ಉಪಕಾರ ಮಾಡುವವನ ಹಾಗೆ.

ಒಂದು ವಾರ ಅವಳು ಗಂಡನ ಫೋಟೋ ಕಡೆ ತಿರುಗಲಿಲ್ಲ.

ಮೇ ತಿಂಗಳಲ್ಲಿ ಅದೇ ಓರೊಜ್ಬೆಕ್ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತುಂಬಿದ ತಟ್ಟೆ ಹಿಡಿದು ಬಂದ. ಬಾಯಲ್ಲಿ ಬೆಣ್ಣೆ. "ಅಕ್ಕಾ, ನೀವೇ ಕಾಪಾಡ್ಬೇಕು."

ಅವನ ಮಗ ಕುಬಾನ್ ಒಂದು ಹುಡುಗಿಯನ್ನು ಮೆಚ್ಚಿದ್ದ. ಹುಡುಗಿಯ ಅಜ್ಜಿ ಉಲ್ಕಾನ್ ಕಲಿಪಾಳ ಪುಟ ತೆರೆದು ಬೆರಳು ಮಡಚಿ ಎಣಿಸಿದ್ದಳು. ಹುಡುಗಿಯ ಆರನೇ ತಂದೆ ಬೈಗಾಜಿ. ಹುಡುಗನ ಆರನೆಯವನೂ ಬೈಗಾಜಿಯೇ. ಅಣ್ಣತಂಗಿ ಸಂಬಂಧ, ಸಾಧ್ಯವೇ ಇಲ್ಲ ಎಂದು ಗಂಡಿನ ಕಡೆಯ ಓಲೆ ವಾಪಸು ಕಳಿಸಿದ್ದಳು.

"ಆ ಸಾಲು ಮತ್ತೆ ಹಾಕಿಬಿಡಿ ಅಕ್ಕಾ. ತಾಬಿಲ್ಡಿ ಸಿಕ್ಕಿದ ಕೂಸು, ನಮ್ಮ ರಕ್ತ ಬೇರೆ."

ಕಲಿಪಾಳಿಗೆ ನಗು ಬಂತು, ಮೈಯೂ ಉರಿಯಿತು. "ಈಗ ಹಾಕಿದ್ರೆ ಮದುವೆಗೋಸ್ಕರ ಹುಟ್ಟಿಸಿದ ಕತೆ ಅಂತಾರೆ. ಅವರನ್ನ ಇಲ್ಲಿಗೇ ಕರ್ಕೊಂಡು ಬಾ. ನೋಟ್‌ಬುಕ್ ತೆಗೀತೀನಿ. ನಿನ್ನ ಬಾಯಲ್ಲೇ ಓದು."

ಉಲ್ಕಾನ್ ಬಂದಳು. ಕುಬಾನ್ ಬಾಗಿಲ ಬಳಿ ನಿಂತ. ಓರೊಜ್ಬೆಕ್ ಗಂಟಲು ಸರಿಮಾಡಿಕೊಂಡು, ತೊದಲುತ್ತ, ತಾನು ಯಾರದೋ ತಿಳಿಯದ ಕೂಸಿನ ವಂಶದವನೆಂದು ಓದಿದ. ಮುದುಕಿ ಮಾಸಿದ ಪೆನ್ಸಿಲ್ ಅಕ್ಷರ ನೋಡಿದಳು, ಮಾಸಿದ ಹಾಳೆ ನೋಡಿದಳು, ನಂಬಿದಳು.

"ರಕ್ತ ಬೇರೆ ಹಾಗಾದ್ರೆ," ಎಂದಳು. ಅವನ ಮುಖ ಅರಳಿತು.

"ಮತ್ತೆ ಪುಟದಲ್ಲಿ ಇದು ಯಾಕಿರ್ಲಿಲ್ಲ?" ಎಂದು ಮುದುಕಿ ಕೇಳಿದಳು.

ಓರೊಜ್ಬೆಕ್ ನೋಟ್‌ಬುಕ್ ಮುಚ್ಚಿದ. ಯಂತ್ರದ ಫ್ಯಾನು ಗೊರಗೊರ ಅನ್ನುತ್ತಿತ್ತು.

"ಅಳಿಸಿದ್ದು ನಾನು," ಎಂದಳು ಕಲಿಪಾ. "ಅಳಿಸೋವರೆಗೂ ತಂತಿ ಕತ್ತರಿಸಿದ್ದು ಇವನು."

ಉಲ್ಕಾನ್ ಇಬ್ಬರನ್ನೂ ನೋಡಿದಳು. ಅವಳ ದನಿ ಏರಲೂ ಇಲ್ಲ. "ಹಿಮದಲ್ಲಿ ಬಿದ್ದಿದ್ದ ಕೂಸನ್ನ ನಮ್ಮ ಬೈಗಾಜಿ ಎತ್ಕೊಂಡು ಬಂದು ಮನೆಗೆ ಸೇರಿಸ್ಕೊಂಡ. ಇವನು ಅದನ್ನ ಮತ್ತೆ ಹಿಮಕ್ಕೆ ಎಸೆದ. ನಾಳೆ ನನ್ನ ಮೊಮ್ಮಗಳಿಂದ ನಾಚಿಕೆ ಆಯ್ತು ಅಂದ್ರೆ ಅವಳನ್ನೂ ಎಸೀತಾನೆ. ಇವನ ಮನೆಗೆ ಹುಡುಗಿ ಕೊಡಲ್ಲ."

ಎದ್ದಳು. ಮುಂದಿಟ್ಟ ರೊಟ್ಟಿಯ ಚೂರೊಂದನ್ನೂ ಮುರಿಯದೆ ಹೊರಟಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅದು ಕಲಿಪಾಳಿಗೂ ಸೇರಿಯೇ ಬಿದ್ದಿತ್ತು.

"ನಿನ್ನ ಈ ಹಾಳು ಡಬ್ಬಿಯಿಂದಲೇ ಎಲ್ಲ!" ಎಂದು ಕಿರುಚಿ ಓರೊಜ್ಬೆಕ್ ಮೆಟ್ಟಿಲು ಹತ್ತಿದ.

ಕುಬಾನ್ ಅಪ್ಪನ ಹಿಂದೆ ಹೋಗಲಿಲ್ಲ. "ಅತ್ತೆ, ಆ ಸಾಲು ಹಾಕಿ."

"ಇನ್ನು ಹಾಕಿ ಏನು ಬಂತು ಮಗಾ? ಅವರು ಹೊರಟ್ಹೋದ್ರಲ್ಲ."

"ಮದುವೆಗಲ್ಲ. ತಾಬಿಲ್ಡಿ ನಮ್ಮವನಲ್ವಾ?"

ಕಲಿಪಾಳ ಕಣ್ಣು ತುಂಬಿತು. ನೋಟ್‌ಬುಕ್ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಮೇಲೆ ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು. ಇಬ್ಬರೂ ಕಿಟಕಿಯಾಚೆಯ ತಂತಿಯನ್ನೇ ನೋಡುತ್ತ ಕೂತರು.