ಹುರಿಯದ ಮಣ್ಣು

ಕುಂಬಾರ ಆಯಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಮಣ್ಣು ಕಲಸಿ, ಗಡಿಗೆ ತಟ್ಟಿ, ಅವು ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ಒಂದು ತಿಂಗಳೂ ಮೊದಲ ಸಲಕ್ಕೆ ಒಪ್ಪಿಕೊಂಡದ್ದಿಲ್ಲ. ಸೆರಗಿಗೆ ಬೆರಳು ಉಜ್ಜಿ ಉಜ್ಜಿ ಮತ್ತೆ ಒತ್ತುತ್ತ, "ನಾ ಇದ್ದೀನಿ ಅಂತ ಈ ಡಬ್ಬಿಗಿ ಖಾತ್ರಿ ಇಲ್ಲ ನೋಡವ್ವಾ" ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸುತ್ತಿದ್ದಳು.

ನಾನು ಪಾಲಬಾವಿಯಿಂದ ಏಕಸಂಬಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಆಕೆಯ ಗಂಡ ತಿಗರಿ ತಿರುಗಿಸುತ್ತಿದ್ದ, ಮಾತು ಬಹಳ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು. ಮಕ್ಕಳಿರಲಿಲ್ಲ. ಆದರೆ ಊರಿನ ಯಾವ ಮದುವೆಯೂ ಆಕೆಯ ಅಂಗಳಕ್ಕೆ ಬಾರದೆ ನಡೆಯುತ್ತಿರಲಿಲ್ಲ. ನಮ್ಮ ಕಡೆ ಮದುವೆಗೆ ಮೊದಲು ಐರಾಣಿ ತರಬೇಕು. ಹೆಂಗಸರು ಬಾಜಾಬಜಂತ್ರಿಯೊಂದಿಗೆ ಕುಂಬಾರರ ಮನೆಗೆ ಹೋಗಿ, ಕುಂಬಾರ್ತಿಗೆ ಉಡಿ ತುಂಬಿ, ಸುಣ್ಣ ಬಣ್ಣ ಬರೆದ ಗಡಿಗೆಗಳನ್ನು ಹೊತ್ತು ತರುತ್ತಾರೆ. ಆ ದಿನ ಆಯಿ ಹಸಿರು ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ಕೂತರೆ ದೊಡ್ಡ ದೊಡ್ಡ ಮನೆಯ ಗೌಡತಿಯರೂ ಬಗ್ಗಿ ಆಕೆಯ ಹಣೆಗೆ ಕುಂಕುಮ ಹಚ್ಚಬೇಕು. ವರ್ಷಕ್ಕೆ ನಾಲ್ಕಾರು ಸಲ ಸಿಗುವ ಆ ಮರ್ಯಾದೆಯೇ ಆಕೆಗೆ ದೊಡ್ಡ ಸಿರಿ.

ಬಸುರಿಯರ ಬಾಯಿ ಕೇಳುವ ಮಣ್ಣಿಗೂ ಆಕೆಯೇ ಗತಿ. ಓಣಿಯಲ್ಲಿ ಯಾರಿಗೆ ತಿಂಗಳು ನಿಂತಿದೆ ಎಂಬುದು ಗಂಡಂದಿರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು. ಮಣ್ಣನ್ನು ಜರಡಿ ಹಿಡಿದು, ನಾದಿ, ಸಣ್ಣ ಬಿಲ್ಲೆ ತಟ್ಟಿ, ಹಂಚಿನ ಮೇಲೆ ಕಪ್ಪಗಾಗುವವರೆಗೆ ಹುರಿದು ದಿನಕ್ಕೊಂದರಂತೆ ಕೊಡುತ್ತಿದ್ದಳು. ಎರಡನೆಯದಕ್ಕೆ ಕೈ ಚಾಚಿದರೆ, "ನಾ ಏನ ಪೇಢೆ ಅಂಗಡಿ ಇಟ್ಟೀನೇನ? ಹೋಗಿ ರೊಟ್ಟಿ ತಿನ್ನು" ಎಂದು ಗದರುತ್ತಿದ್ದಳು. "ಬೆಂಕಿ ಕಾಣದ ಮಣ್ಣ ಹೊಟ್ಟಿಗಿ ಕೊಡಬಾರದು" ಅನ್ನುವುದು ಆಕೆಯ ಅತ್ತೆ ಕಲಿಸಿದ ಕಟ್ಟಳೆ. ಅದನ್ನು ಆಕೆ ಯಾರಿಗಾಗಿಯೂ ಮುರಿಯಲಿಲ್ಲ. ಯಾವ ಮಣ್ಣನ್ನೂ ತಿನ್ನಬಾರದು, ರಕ್ತ ಕಡಿಮೆಯಾದಾಗ ಇಂಥ ಚಟ ಹುಟ್ಟುತ್ತದೆ ಎಂಬುದು ಆಗ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಕೆ ಹೆಬ್ಬೆಟ್ಟಿನವಳು. ನಾನು ರಾಯಬಾಗದಲ್ಲಿ ಬಿ.ಎ. ಓದಿದವಳು.

ನಾನು ಬಸುರಿಯಾದಾಗ ನನಗೆ ಹುರಿದ ಮಣ್ಣು ಸೇರಲಿಲ್ಲ. ಹುರಿದರೆ ಮಳೆಯ ವಾಸನೆ ಹೋಗಿಬಿಡುತ್ತದೆ. ಒಂದು ಮುಷ್ಟಿ ಹಸಿಯದು ಕೊಡು ಎಂದು ಮೂರು ದಿನ ಕಾಡಿದೆ. "ಬೇಕಾದ್ರ ಮನೀ ಗಡಿಗಿ ಎಲ್ಲಾ ಒಯ್ಯಿ. ಅದೊಂದ ಕೇಳಬ್ಯಾಡ ನನ್ನ ಮಗಳ" ಅಂದಳು. ನಾನು ಕೇಳುವುದನ್ನು ಬಿಟ್ಟೆ. ಮಧ್ಯಾಹ್ನ ಆಕೆ ಬುಟ್ಟಿ ಹೊತ್ತು ಗಡಿಗೆ ಮಾರಲು ಹೋದಾಗ, ಆಕೆಯ ಗಂಡ ಒಳಗೆ ಮಲಗಿದಾಗ, ಅವರ ಛಪ್ಪರದೊಳಗೆ ನುಗ್ಗುತ್ತಿದ್ದೆ. ಜರಡಿ ಹಿಡಿದ ಮಣ್ಣಿನ ಗುಂಪಿ ಹಿಟ್ಟಿನಷ್ಟು ಮೆತ್ತಗಿರುತ್ತಿತ್ತು. ನಾಲ್ಕು ಬೆರಳು ಹೂಳಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲೇ ಆಯಿಯ ಬೂದು ಬೆಕ್ಕು ಮಲಗಿರುತ್ತಿತ್ತು. ಮೆತ್ತನೆಯ ಮಣ್ಣನ್ನು ಬೆಕ್ಕು ಯಾತಕ್ಕೆ ಕೆದರುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ತಲೆಗೆ ಅದು ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನೇ ಬಿಡಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಸಣ್ಣ ಜ್ವರ ಬಂತು. ಕುತ್ತಿಗೆಯಲ್ಲಿ ಗಂಟುಗಳೆದ್ದವು, ಮೈಕೈ ನೋವು. ಎಂಟು ದಿನದಲ್ಲಿ ತಾನಾಗಿ ಇಳಿಯಿತು, ನಾವು ಮರೆತೆವು. ಏಳನೆಯ ತಿಂಗಳಲ್ಲಿ ಚಿಕ್ಕೋಡಿಯಲ್ಲಿ ಸ್ಕ್ಯಾನ್ ಮಾಡಿದವರು ಪರದೆಯ ಮೇಲೆ ಕೂಸಿನ ತಲೆಯನ್ನು ಮತ್ತೆ ಮತ್ತೆ ಅಳೆದರು. ಚೀಟಿ ಬರೆದು ಮಿರಜಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ರಕ್ತ ತೆಗೆಸಿ, ಮರುವಾರ ಕರೆದು ಕೇಳಿದ ಮೊದಲ ಮಾತು, "ಘರಾತ ಮಾಂಜರ ಆಹೆ ಕಾ? ಬೆಕ್ಕು ಐತೇನ್ರಿ ಮನ್ಯಾಗ?"

ಟಾಕ್ಸೊಪ್ಲಾಸ್ಮೋಸಿಸ್ ಎಂದರು. ಬೆಕ್ಕಿನ ಹೇಲು ಬಿದ್ದ ಮಣ್ಣು, ತೊಳೆಯದ ಕಾಯಿಪಲ್ಲೆ, ಅರೆಬೆಂದ ಮಾಂಸ, ಇವುಗಳಿಂದ ಬರುತ್ತದಂತೆ. ತಾಯಿಗೆ ಜ್ವರದ ಹಾಗೆ ಬಂದು ಹೋಗುತ್ತದೆ, ಎಷ್ಟೋ ಜನಕ್ಕೆ ಬಂದದ್ದೇ ತಿಳಿಯುವುದಿಲ್ಲ. ಆದರೆ ಬಸುರಿನಲ್ಲಿ ಹೊಸದಾಗಿ ತಗುಲಿದರೆ ಕೂಸಿಗೂ ದಾಟಬಹುದು, ದಾಟಿದರೆ ಕಣ್ಣಿಗೆ, ಮೆದುಳಿಗೆ ಪೆಟ್ಟು. "ಮಾಂಸ ನಾವು ಮುಟ್ಟಂಗಿಲ್ರಿ. ಬಾಜೂ ಮನೀ ಕುಂಬಾರ ಆಯಿ ಮಣ್ಣ ಕೊಡ್ತಿದ್ಲು" ಎಂದರು ಅತ್ತೆ. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಹುರಿದದ್ದೋ ಹಸಿಯೋ ಎಂದರು. ಅತ್ತೆ ಪಕ್ಕದಲ್ಲಿ ಕೂತಿದ್ದರು. "ಹುರಿದದ್ರಿ" ಅಂದೆ. ಹುರಿದದ್ದರಿಂದ ಬರುವುದು ಕಷ್ಟ, ಇದರಿಂದಲೇ ಬಂತೆಂದು ಖಾತ್ರಿ ಹೇಳಲಾಗದು ಎಂದು ಅವರು ಹೇಳುತ್ತಲೇ ಇದ್ದರು. ಅತ್ತೆಯ ಕಿವಿ ಆಗಲೇ ಮುಚ್ಚಿತ್ತು.

ಹೆರಿಗೆಯವರೆಗೆ ಗುಳಿಗೆ ನುಂಗಿದೆ. ಮಗಳು ಹುಟ್ಟಿದಳು, ಬದುಕಿದಳು. ಅವಳ ಬಲಗಣ್ಣಿಗೆ ಬೆಳಕೇ ಇಲ್ಲ. ಎಡಗಣ್ಣಿಗೆ ಮುಖದ ಹತ್ತಿರ ಹಿಡಿದದ್ದು ಮಾತ್ರ ಕಾಣುತ್ತದೆ. ಐದು ವರ್ಷದವರೆಗೆ ಫಿಟ್ಸ್ ಬರುತ್ತಿದ್ದವು.

ಕೂಸಿಗೆ ಒಂದು ತಿಂಗಳಾದಾಗ ಆಯಿ ನಮ್ಮ ಹೊಸ್ತಿಲಿಗೆ ಬಂದು ನಿಂತಳು. ನಾನು ಒಳಕೋಣೆಯಲ್ಲಿ ಮೊಲೆ ಕೊಡುತ್ತಿದ್ದೆ. "ನನ್ನ ಕೈಲೆ ಆತವ್ವಾ. ಮಣ್ಣ ನನ್ನ ಮನೀದು. ಏನ ಬೇಕಾದ್ದ ಅನ್ರಿ ನನಗ" ಅನ್ನುತ್ತಿದ್ದಳು. ಅತ್ತೆ ಅಂದದ್ದು ಒಂದೇ ಮಾತು: "ಇನ್ನ ಈ ಹೊಸ್ತಲಾ ತುಳೀಬ್ಯಾಡ." ನಾನು ಕೂಸನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡೆ.

ಮಾತು ಊರೆಲ್ಲ ಹಬ್ಬಿತು. ಮುಂದಿನ ಬೇಸಿಗೆಯಲ್ಲಿ ನನ್ನ ನಾದಿನಿಯ ಮದುವೆಗೆ ಐರಾಣಿ ಚಿಕ್ಕೋಡಿಯಿಂದ ಬಂತು. ನಮ್ಮನ್ನು ನೋಡಿ ಬೇರೆ ಮನೆಯವರೂ ಹಾಗೇ ಮಾಡಿದರು. ನಾದಿನಿಯ ಮದುವೆಯ ದಿನ ನಮ್ಮ ಬಾಜಾ ಆಕೆಯ ಬಾಗಿಲನ್ನು ದಾಟಿ ಮುಂದೆ ಹೋಯಿತು. ಆಯಿ ಬಾಗಿಲಲ್ಲಿ ನಿಂತು ಗಡಿಗೆ ಹೊತ್ತವರಿಗೆ ಕೈ ಮುಗಿದಳು. ನನ್ನ ತಲೆಯ ಮೇಲೂ ಒಂದು ಗಡಿಗೆ ಇತ್ತು. ನಾನು ಬಾಯಿ ಬಿಟ್ಟಿದ್ದರೆ ಮೆರವಣಿಗೆ ಅಲ್ಲೇ ತಿರುಗುತ್ತಿತ್ತು. ನಾಚಿಕೆಯೋ ಹೇಡಿತನವೋ, ಎರಡೂ ಒಂದೇ ಇರಬೇಕು, ನಾನು ನೆಲ ನೋಡುತ್ತ ನಡೆದುಬಿಟ್ಟೆ.

ಆಯಿ ಬಿಲ್ಲೆ ಹುರಿಯುವ ಹಂಚನ್ನು ತಾನೇ ಒಡೆದು ಹಾಕಿದ್ದಳು. ಗುಂಪಿಗೆ ತಗಡು ಮುಚ್ಚಿದಳು. ಬೆಕ್ಕನ್ನು ಮಾತ್ರ ಓಡಿಸಲಿಲ್ಲ. "ಅದಕ್ಕೇನ ತಿಳೀತೈತಿ, ಪಾಪ." ಹೊಸ ಬಸುರಿ ಯಾರಾದರೂ ಸಂಕೋಚದಿಂದ ಮಣ್ಣು ಕೇಳಿದರೆ ಕೈ ಹಿಡಿದು ನೆಟ್ಟಗೆ ದವಾಖಾನೆಗೆ ಎಳೆದುಕೊಂಡು ಹೋಗಿ, "ಈಕಿ ರಕ್ತ ನೋಡ್ರಿ ನರ್ಸಬಾಯಿ, ಮಣ್ಣ ಬೇಡಾಕತ್ತಾಳ" ಎಂದು ನರ್ಸ್ ಮುಂದೆ ಕೂರಿಸುತ್ತಿದ್ದಳು. ಹೊಲಕ್ಕೆ ಹೊರಟವರಿಗೆ, ಉಣ್ಣುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಿರಿ ಎಂದು ಬೆನ್ನು ಬೀಳುತ್ತಿದ್ದಳು. ಹಾಗೆ ಎಳೆಸಿಕೊಂಡು ಹೋದವರೇ ತಮ್ಮ ಮನೆಯ ಮದುವೆಗೆ ಆಕೆಯನ್ನು ಕರೆಯಲಿಲ್ಲ.

ನನ್ನ ಮಗಳಿಗೆ ಮಾತ್ರ ಆ ಮನೆಯ ಬಾಗಿಲು ಯಾವುದೆಂದು ಯಾರೂ ತೋರಿಸಬೇಕಾಗಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿಬಿಡುತ್ತಿದ್ದಳು. ಆಯಿ ಅವಳಿಗಾಗಿ ಆಟಿಕೆಯ ಒಲೆ, ಕೊಡ, ಎತ್ತು ಮಾಡಿ, ಬೆರಳಿಗೆ ತಿಳಿಯಲೆಂದು ಒಂದೊಂದಕ್ಕೂ ಬೇರೆ ಬೇರೆ ಗೀರು ಹಾಕಿ ಸುಟ್ಟು ಕೊಡುತ್ತಿದ್ದಳು. ಹಸಿಮಣ್ಣನ್ನು ಒಮ್ಮೆಯೂ ಮುಟ್ಟಗೊಡಲಿಲ್ಲ.

ಹೋದ ವರ್ಷ ದೀಪಾವಳಿಯಾದ ಮೇಲೆ ಆಯಿ ದಮ್ಮಿನಿಂದ ಹಾಸಿಗೆ ಹಿಡಿದಳು. ಆಕೆಯ ಗಂಡ ಮೊದಲೇ ತೀರಿಕೊಂಡಿದ್ದ. ಒಂದು ಮಧ್ಯಾಹ್ನ ಗಂಜಿ ಒಯ್ದೆ. ಎರಡು ಚಮಚ ಕುಡಿಸಿ, ಮುಖ ನೋಡದೆ, "ಆಯಿ, ನಾ ಹಸಿ ಮಣ್ಣ ತಿಂದಿದ್ದೆ. ನಿನಗ ಹೇಳದ" ಅಂದೆ. ಹನ್ನೊಂದು ವರ್ಷ ಗಂಟಲಲ್ಲಿಟ್ಟುಕೊಂಡ ಮಾತು.

"ಗೊತ್ತೈತಿ" ಅಂದಳು. ಉಸಿರು ಎಳೆದುಕೊಂಡು ಮುಂದುವರಿಸಿದಳು: "ಗುಂಪ್ಯಾಗ ದಿನಾ ನಾಕ ಬೆರಳಿನ ಗುರ್ತು ಇರ್ತಿತ್ತು. ನನ್ನ ಬೆರಳಿಗಿ ಎಲ್ಲೈತಿ ಅಷ್ಟು ಚೂಪ ಉಗುರು? ಅವತ್ತ ತಗಡ ಮುಚ್ಚಬೇಕಾಗಿತ್ತು. ಬಸರಿ ಹುಡುಗಿ, ತಿನ್ನಲಿ ಬಿಡು ಅಂತ ಸುಮ್ಮನ ಬಿಟ್ಟೆ. ಅದು ನಂದ ತಪ್ಪು."

"ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ?"

"ಕೂಸು ನಾಳೆ ದೊಡ್ಡಾಕಿ ಆಗಿ ಕೇಳತೈತಿ. ನಮ್ಮವ್ವ ಮಾಡಿದ್ಲು ಅನ್ನೂದಕ್ಕಿಂತ, ಕುಂಬಾರ ಮುದಿಕಿ ಮಾಡಿದ್ಲು ಅನ್ನಲಿ. ನಂಗೇನ, ನಾ ಹೋಗಾಕಿ. ನೀನೂ ಹೇಳಬ್ಯಾಡ."

ನಾಲ್ಕನೆಯ ದಿನ ಹೋದಳು. ಮಣ್ಣಿಗೆ ಬಂದವರು ಹನ್ನೆರಡು ಜನ, ಎಣಿಸಿದೆ. ಅತ್ತೆ ಬರಲಿಲ್ಲ.

ಕಳೆದ ತಿಂಗಳು ಮಗಳು ಆಯಿ ಮಾಡಿಕೊಟ್ಟ ಪುಟ್ಟ ಕೊಡದ ಗೀರುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದವಳು, "ಅವ್ವಾ, ಆಯಿ ಕೊಟ್ಟ ಮಣ್ಣಿಂದ ನನ್ನ ಕಣ್ಣ ಹೋದುವಂತ. ಸಾಲ್ಯಾಗ ಹುಡುಗ್ಯಾರ ಅಂತಾರ. ಖರೇ ಏನ?" ಅಂದಳು. ಆಯಿ ಬಿಟ್ಟು ಹೋದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಾಗಲಿಲ್ಲ. ಆಕೆ ನನಗಾಗಿ ಹೊತ್ತದ್ದನ್ನು ಸತ್ತ ಮೇಲೂ ಹೊರಿಸಲು ಮನಸ್ಸು ಬರಲಿಲ್ಲ. ಛಪ್ಪರ, ಗುಂಪಿ, ಬೆಕ್ಕು, ಮಿರಜಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಮಗಳು ಕೊಡವನ್ನು ಉಡಿಯಲ್ಲಿಟ್ಟುಕೊಂಡು, "ಆಯಿಗೆ ಗೊತ್ತಿತ್ತೇನ?" ಎಂದು ಕೇಳಿದಳು. ಗೊತ್ತಿತ್ತು ಅಂದೆ.

ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಮೊರದ ಮೇಲೆ ಅವರ ಕೈ ಯಾವಾಗ ನಿಂತಿತೋ ನಾನು ನೋಡಿರಲಿಲ್ಲ. ತಲೆ ಎತ್ತದೆ ಕೇಳಿದರು.

"ಅವತ್ತ ಅಕಿ ಬಂದು ಹೊಸ್ತಲದಾಗ ನಿಂತಾಗ ನೀ ಒಳಗ ಕೂಸಿಗಿ ಕುಡಸಾಕತ್ತಿದ್ದಿ. ಎಲ್ಲಾ ಕೇಳಸಿತ್ತೇನ ನಿನಗ?"

"ಕೇಳಸಿತ್ರಿ."